ಊರು ನಗರವಾದಾಗ ರಾಸುಗಳ ಸೇವೆ ದೂರವಾಗುವುದೇಕೆ?



ಇತ್ತೀಚೆಗೆ ಮೈಸೂರು ನಗರದ ಕೆಸರೆಯಲ್ಲಿ ಒಂದು ರಾಸನ್ನು ನೋಡಲು ಹೋಗಿದ್ದೆ. ಎರಡು ಮಹಡಿ ಮನೆಗಳ ಸಂದಿಯಲ್ಲಿ ಶೀಟು ಹೊದಿಸಿದ ಕೊಟ್ಟಿಗೆ. ಒಳಗೆ ಒಂದೇ ಒಂದು ಮಿಶ್ರತಳಿ ಹಸು. ಚಿಕಿತ್ಸೆ ಮುಗಿಸಿ ಕೈ ತೊಳೆಯುವಾಗ ಮನೆಯ ಹಿರಿಯ ತಾಯಿ ಕೇಳಿದರು: "ಡಾಕ್ಟ್ರೇ, ಕೆಸರೆ ಹಳ್ಳಿಯಾಗಿದ್ದಾಗ ದನಕ್ಕೆ ಬೇಕಾದ್ದೆಲ್ಲ ನಡೆದು ಹೋಗೋ ದೂರದಲ್ಲೇ ಸಿಕ್ತಿತ್ತು. ಈಗ ಸಿಟಿ ಅಂತಾರೆ. ಮನುಷ್ಯರಿಗೆ ಬೀದಿಗೊಂದು ಕ್ಲಿನಿಕ್ ಬಂತು. ನನ್ನ ಹಸುಗೆ ಒಂದು ಸೂಜಿ ಹಾಕ್ಸೋಕೆ ಅರ್ಧ ದಿನ ಹೋಗುತ್ತೆ. ಇದ್ಯಾಕೆ?"

ಅವಸರದಲ್ಲಿದ್ದ ನಾನು ಏನೋ ಎರಡು ಮಾತು ಹೇಳಿ ಬಂದುಬಿಟ್ಟೆ. ಆ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಕೆಸರೆಯಲ್ಲಿ ಇಂದು ಆಗಿರುವುದು ನಾಳೆ ನಿಮ್ಮ ಊರಿನಲ್ಲೂ ಆಗಬಹುದು. ಹೂಟಗಳ್ಳಿ ನಗರಸಭೆಯಾದದ್ದು, ರಮ್ಮನಹಳ್ಳಿ, ಬೋಗಾದಿ, ಶ್ರೀರಾಂಪುರ, ಕಡಕೊಳ ಪಟ್ಟಣ ಪಂಚಾಯಿತಿಗಳಾದದ್ದು 2020-21ರಲ್ಲಿ, ನಮ್ಮ ಕಣ್ಣೆದುರಿಗೇ. ಆದ್ದರಿಂದ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೈಸೂರು ಬೆಳೆದದ್ದೇ ಹೀಗೆ. 1903ರಲ್ಲಿ ನಗರಾಭಿವೃದ್ಧಿಗೆಂದು ವಿಶ್ವಸ್ಥ ಮಂಡಳಿಯಾಯಿತು. 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಒಂದೊಂದು ಬಡಾವಣೆ ಎದ್ದಾಗಲೂ ಅಂಚಿನ ಹಳ್ಳಿಯೊಂದು ಒಳಗೆ ಸೇರಿತು. ಈಶಾನ್ಯ ದಿಕ್ಕಿನ ಕೆಸರೆ ಇಂದು ಎರಡನೆಯ ಹಂತ, ಮೂರನೆಯ ಹಂತ ಎಂದು ಕರೆಸಿಕೊಳ್ಳುತ್ತದೆ. ರಸ್ತೆ, ದೀಪ, ನಲ್ಲಿ ನೀರು ಬಂದವು. ಇದರಿಂದ ಜನಕ್ಕೆ ಆದ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಸು ಕಟ್ಟಿದವರ ಪಾಲಿಗೆ ಕೆಲವು ಸೌಲಭ್ಯಗಳು ಸದ್ದಿಲ್ಲದೆ ಹೋದವು. ಅವನ್ನು ಮುಚ್ಚಬೇಕೆಂದು ಯಾರೂ ಆದೇಶ ಹೊರಡಿಸಿರಲಿಲ್ಲ. ಅವು ಯಾವ ಲೆಕ್ಕದ ಮೇಲೆ ನಿಂತಿದ್ದವೋ ಆ ಲೆಕ್ಕವೇ ತಪ್ಪಿಹೋಯಿತು.

ಗೋಮಾಳವನ್ನೇ ನೋಡಿ. ಗ್ರಾಮದಲ್ಲಿ ದನಗಳಿಗೆ ಉಚಿತ ಮೇಯುವಿಕೆಗೆ ಜಮೀನು ಕಾಯ್ದಿರಿಸಲು 1964ರ ಭೂಕಂದಾಯ ಕಾಯ್ದೆಯ 71ನೇ ಕಲಂನಲ್ಲಿ ಅವಕಾಶವಿದೆ. ಎಷ್ಟು ಎಂಬುದನ್ನು 1966ರ ನಿಯಮಗಳ 97ನೇ ನಿಯಮ ಹೇಳುತ್ತದೆ: ನೂರು ಜಾನುವಾರಿಗೆ 30 ಎಕರೆ. ಈ ಲೆಕ್ಕ ಗ್ರಾಮಕ್ಕೆ, ಮತ್ತು ಗ್ರಾಮದಲ್ಲಿರುವ ದನಗಳ ಸಂಖ್ಯೆಗೆ. ದನ ಕಡಿಮೆಯಾದರೆ ಉಳಿದ ಗೋಮಾಳ 'ಹೆಚ್ಚುವರಿ' ಎನಿಸಿಕೊಳ್ಳುತ್ತದೆ. ಗೋಮಾಳ ಹೋದರೆ ದನ ಇನ್ನಷ್ಟು ಕಡಿಮೆಯಾಗುತ್ತದೆ. ನೀರಿನ ತೊಟ್ಟಿ, ಬಂದೀದೊಡ್ಡಿ, ಕಣ, ಎಲ್ಲದರ ಕಥೆಯೂ ಇದೇ. ದನದ ಕೊಟ್ಟಿಗೆಗೆ ಹಲವರಿಗೆ ನೆರವಾದ 2005ರ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಊರಿಗೆ ಪಟ್ಟಣವೆಂಬ ಹೆಸರು ಬಂದ ದಿನವೇ ಆ ಬಾಗಿಲು ಮುಚ್ಚಿತು. ಕೊಟ್ಟಿಗೆಯೂ ಅದೇ, ಹಸುವೂ ಅದೇ, ಬದಲಾದದ್ದು ಬೋರ್ಡು.

ಪಶುವೈದ್ಯ ಸೇವೆಯೂ ಲೆಕ್ಕದ ಮೇಲೆಯೇ ನಿಂತಿದೆ. ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯನಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿ ಶಿಫಾರಸು ಮಾಡಿತು. ರಾಸುಗಳ ಸಂಖ್ಯೆ ತಿಳಿಯುವುದು ಜಾನುವಾರು ಗಣತಿಯಿಂದ. ಇಪ್ಪತ್ತನೆಯ ಗಣತಿ 2019ರಲ್ಲಿ ನಡೆಯಿತು. ಇಪ್ಪತ್ತೊಂದನೆಯದು 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ನಗರದ ಒಳಗಿನ ಕೆಲವು ಮನೆಗಳಲ್ಲಿ ಗಣತಿದಾರರು ಬಾಗಿಲು ತಟ್ಟಿದಾಗ "ನಮ್ಮಲ್ಲಿ ದನ ಇಲ್ಲ" ಎಂಬ ಉತ್ತರ ಬರುತ್ತದೆ, ಹಿತ್ತಲಲ್ಲಿ ಹಸು ಕೂಗುತ್ತಿದ್ದರೂ! ಪಾಲಿಕೆಯವರು ಬಂದು ಕೊಟ್ಟಿಗೆ ತೆಗೆಸುತ್ತಾರೆ, ನೆರೆಯವರು ಸಗಣಿಯ ವಾಸನೆಗೆ ದೂರು ಕೊಡುತ್ತಾರೆ ಎಂಬ ಭಯ. ಭಯ ಅರ್ಥವಾಗುವಂಥದ್ದೇ. ಆದರೆ ಬಚ್ಚಿಟ್ಟ ಹಸು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಹಸುವಿಗೆ ಲಸಿಕೆಯ ಬಾಟಲಿ ಬರುವುದಿಲ್ಲ, ವೈದ್ಯನ ಹುದ್ದೆಯೂ ಉಳಿಯುವುದಿಲ್ಲ.

ಇನ್ನು ನಮ್ಮ ಸಹಕಾರ ಸಂಘದ ವಿಚಾರ. ಹಾಲಿನ ಮಾರ್ಗ ಹೇಗೆ ನಡೆಯುತ್ತದೆಂಬುದು ಸದಸ್ಯರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ವಾಹನ ಒಂದು ಊರಿಗೆ ಬಂದು ಹೋಗುವ ಖರ್ಚು ಹತ್ತು ಕ್ಯಾನಿಗೂ ಅಷ್ಟೇ, ಎರಡು ಕ್ಯಾನಿಗೂ ಅಷ್ಟೇ. ಕಾರ್ಯದರ್ಶಿಗೂ ಹಾಲು ಪರೀಕ್ಷಕರಿಗೂ ಸಂಬಳ ಹುಟ್ಟುವುದು ಲೀಟರಿಗೆ ಸಿಗುವ ಅಲ್ಪ ಲಾಭಾಂಶದಿಂದ. ಲೀಟರು ಇಳಿದಂತೆ ಮೊದಲು ಸಂಜೆಯ ಸರದಿ ಹೋಗುತ್ತದೆ, ಆಮೇಲೆ ಪಕ್ಕದ ಊರಿನ ಸಂಘಕ್ಕೆ ಹಾಕಿ ಎನ್ನುತ್ತಾರೆ. ಕರೆದ ಹಾಲು ರಾಸಿನ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ನಾಲ್ಕು ಡಿಗ್ರಿಗೆ ತಂಪಾಗುವ ತನಕ ಅದು ಗಡಿಯಾರದೊಡನೆ ಓಡುವ ಸರಕು. ಡೈರಿ ಎರಡು ಮೈಲಿ ಆಚೆಗೆ ಹೋದರೆ ಸೈಕಲ್ ಇಲ್ಲದವರು, ವಯಸ್ಸಾದವರು ಹಾಲು ಹಾಕುವುದನ್ನೇ ಬಿಡುತ್ತಾರೆ. ಡೈರಿ ನಿಂತ ಊರಿನಲ್ಲಿ ಪಶು ಆಹಾರದ ಚೀಲ, ಖನಿಜ ಮಿಶ್ರಣ, ಕೃತಕ ಗರ್ಭಧಾರಣೆ, ಎಲ್ಲವೂ ಅದರ ಹಿಂದೆಯೇ ನಿಲ್ಲುತ್ತವೆ. ಅವೆಲ್ಲ ಅದೇ ಬಾಗಿಲಿನಿಂದ ಬರುತ್ತಿದ್ದವು.

ನಗರದ ಸದಸ್ಯರು ಬೀದಿಯ ಮನೆಗಳಿಗೆ, ಟೀ ಹೋಟೆಲಿಗೆ ಹಾಲು ಹಾಕುವುದನ್ನು ನಾನು ತಪ್ಪೆನ್ನಲಾರೆ. ಅಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಸಂಸಾರ ನಡೆಯಬೇಕು. ಆದರೆ ರಾಸು ನೆಲ ಹಿಡಿದ ರಾತ್ರಿ ಟೀ ಹೋಟೆಲಿನವರು ಡಾಕ್ಟರನ್ನು ಕಳುಹಿಸುವುದಿಲ್ಲ. ಇರುವ ಹಾಲಿನಲ್ಲಿ ಒಂದು ಪಾಲನ್ನಾದರೂ ಪ್ರತಿ ದಿನ ಸಂಘಕ್ಕೆ ಹಾಕಿದರೆ ನಿಮ್ಮ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಸಂಘವೂ ಉಳಿಯುತ್ತದೆ. ಉಪನಿಯಮದಲ್ಲಿ ಹೇಳಿದಷ್ಟು ದಿನ, ಹೇಳಿದಷ್ಟು ಲೀಟರು ಹಾಕದವರು ಮತದ ಹಕ್ಕನ್ನೂ ಕಳೆದುಕೊಳ್ಳುವ ಸಂಭವವಿದೆ.

ನಮ್ಮ ಕಡೆಯ ಲೋಪವನ್ನೂ ಮುಚ್ಚಿಡಬಾರದು. ಒಂದೇ ಕಡೆ ಇನ್ನೂರು ರಾಸು ಸಿಗುವ ಊರಿನಲ್ಲಿ ಶಿಬಿರ ಮಾಡುವುದು ಸುಲಭ, ವರದಿಯೂ ಚೆನ್ನಾಗಿ ಕಾಣುತ್ತದೆ. ಸಂದಿಗೊಂದಿಯಲ್ಲಿ ಒಂದೊಂದಾಗಿ ಕಟ್ಟಿದ ಹಸುಗಳನ್ನು ಹುಡುಕಿಕೊಂಡು ಹೋಗುವುದು ಕಷ್ಟ. ನಾನೂ ಅಂಥ ಬೀದಿಗಳನ್ನು 'ಮುಂದಿನ ವಾರ' ಎಂದು ಬಿಟ್ಟು ಬಂದದ್ದುಂಟು.

ದೂರದ ಬೆಲೆ ಎಷ್ಟು?

ಸೇವೆ ದೂರವಾದರೆ ಓಡಾಟದ ಖರ್ಚಷ್ಟೇ ಎಂದು ತಿಳಿಯಬೇಡಿ. ದೊಡ್ಡ ನಷ್ಟ ಬೆದೆಯಲ್ಲಿದೆ.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆಯ ಲಕ್ಷಣ ಕಾಣುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ವೀರ್ಯ ನಳಿಕೆಯನ್ನು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ಹೊರತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿದ ಮೇಲೆ ತಡಮಾಡುವಂತಿಲ್ಲ. ಆದ್ದರಿಂದ ಕಾರ್ಯಕರ್ತನೇ ಕ್ಯಾನಿನೊಡನೆ ನಿಮ್ಮ ಬಾಗಿಲಿಗೆ ಬರಬೇಕು. ಅವನು ಹತ್ತಿರದಲ್ಲಿಲ್ಲದೆ ಆ ಹೊತ್ತು ಮೀರಿದರೆ ಮತ್ತೆ 21 ದಿನ ಕಾಯಬೇಕು. ನಿಮ್ಮ ಹಸುವಿಗೆ ದಿನಕ್ಕೆ ಹುಲ್ಲು, ಬೂಸಾ, ಹಿಂಡಿಗೆ ಆಗುವ ಖರ್ಚನ್ನು 21ರಿಂದ ಗುಣಿಸಿ ನೋಡಿ. ಒಂದು ಬೆದೆ ತಪ್ಪಿದ್ದಕ್ಕೆ ಅಷ್ಟು. ಎರಡು ಬೆದೆ ತಪ್ಪಿದರೆ ಕರು ಹಾಕುವುದು ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು.

ನಗರದ ಒಂಟಿ ಹಸುವಿಗೆ ಇನ್ನೊಂದು ತೊಂದರೆ. ಮಂದೆಯಲ್ಲಿದ್ದರೆ ಒಂದರ ಮೇಲೊಂದು ಹಾರುವುದರಿಂದ ಬೆದೆ ದೂರದಿಂದಲೇ ಕಾಣುತ್ತದೆ. ಗೋಡೆಯ ಪಕ್ಕ ಒಂಟಿಯಾಗಿ ಕಟ್ಟಿದ ರಾಸಿನಲ್ಲಿ ಅದು ಕಾಣುವುದಿಲ್ಲ. ಹಾಲು ತುಸು ಇಳಿಯುವುದು, ಮೇವಿನಲ್ಲಿ ಆಸಕ್ತಿ ಕಡಿಮೆಯಾಗುವುದು, ಪದೇಪದೇ ಗಂಜಲ ಹಾಕುವುದು, ಬಾಲದ ಬುಡದಲ್ಲಿ ಗಾಜಿನಂತೆ ತಿಳಿಯಾದ ಲೋಳೆ ಅಂಟಿರುವುದು, ಇಷ್ಟೇ ಗುರುತು. ಬೆಳಿಗ್ಗೆ ಸಗಣಿ ಬಾಚುವ ಮುನ್ನ ಮತ್ತು ರಾತ್ರಿ ಮಲಗುವ ಮುನ್ನ ಐದು ನಿಮಿಷ ರಾಸಿನ ಹಿಂದೆ ನಿಂತು ನೋಡಿ.

ಇನ್ನು ತುರ್ತು ಕಾಯಿಲೆಗಳು. ಹೆಚ್ಚು ಹಾಲು ಕೊಡುವ, ಮೂರು ನಾಲ್ಕು ಸೂಲು ಕಂಡ ಹಸು ಕರು ಹಾಕಿದ ಎರಡು ಮೂರು ದಿನದೊಳಗೆ ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿ, ಕಿವಿ ತಣ್ಣಗಾಗಿದ್ದರೆ ಅದು ಹಾಲುಜ್ವರ. ಹೆಸರು ಜ್ವರವೆಂದಿದ್ದರೂ ಮೈ ಬಿಸಿಯಿರುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ ಇಳಿದಿರುತ್ತದೆ. ಸಕಾಲದಲ್ಲಿ ಸುಣ್ಣದ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟರೆ ಕೆಲವೊಮ್ಮೆ ಸೂಜಿ ತೆಗೆಯುವಷ್ಟರಲ್ಲಿ ಎದ್ದು ನಿಲ್ಲುತ್ತದೆ. ತಡವಾದರೆ ಒಂದು ಹಗಲು ಕಳೆಯುವುದರೊಳಗೆ ಸಾಯಬಹುದು. ವೈದ್ಯರು ಬರುವ ತನಕ ರಾಸನ್ನು ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಆನಿಸಿ. ಗಂಜಿ, ಬೆಲ್ಲದ ನೀರು, ಏನನ್ನೂ ಬಾಯಿಗೆ ಹೊಯ್ಯಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೀಗೆ ಸತ್ತ ರಾಸುಗಳನ್ನು ನೋಡಿದ್ದೇನೆ. ಮನೆಯವರು ಪ್ರೀತಿಯಿಂದಲೇ ಹೊಯ್ದಿದ್ದರು.

ಗೋಮಾಳ ಹೋದ ಮೇಲೆ ಹಸು ತಿನ್ನುವುದೇನು ಎಂಬುದಕ್ಕೂ ಇಲ್ಲಿ ಸಂಬಂಧವಿದೆ. ನಗರದ ರಾಸಿಗೆ ಛತ್ರದ ಮಿಕ್ಕ ಅನ್ನ ಧಾರಾಳವಾಗಿ ಸಿಗುತ್ತದೆ. ಒಂದೇ ಸಲಕ್ಕೆ ಬಕೆಟ್‌ಗಟ್ಟಲೆ ಅನ್ನ ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಂತು, ನೀರಿನಂತೆ ಭೇದಿಯಾಗಿ ರಾಸು ಕುಸಿಯುತ್ತದೆ. ಅಂಥ ವೇಳೆ ರಾಸು ಎಚ್ಚರವಾಗಿ ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ 100 ಗ್ರಾಂ ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಿ, ಕೂಡಲೇ ವೈದ್ಯರಿಗೆ ತಿಳಿಸಿ. ಕೆಸರೆಯಲ್ಲಿ ನಗರದ ದೊಡ್ಡ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಒಂದಿದೆ. ನಗರದ ಉತ್ತರ ಭಾಗದ ಚರಂಡಿ ನೀರು ಆ ಕಣಿವೆಯಲ್ಲೇ ಹರಿಯುತ್ತದೆ. ಎಲ್ಲೇ ಆಗಲಿ ಅಂಥ ನೀರಿನ ಬದಿಯ ಹುಲ್ಲು ವರ್ಷವಿಡೀ ಹಸಿರಾಗಿರುತ್ತದೆ, ಕೊಯ್ಯುವ ಆಸೆಯಾಗುವುದು ಸಹಜ. ಬಸವನಹುಳು ಇರುವ ಇಂಥ ಕಡೆಯ ಹುಲ್ಲಿನಿಂದ ಯಕೃತ್ತಿನ ಚಪ್ಪಟೆ ಹುಳು ಅಂಟುತ್ತದೆ. ಬೇರೆ ದಾರಿಯೇ ಇಲ್ಲವೆಂದಾದರೆ ನೀರಿನ ಮಟ್ಟದಿಂದ ಸಾಕಷ್ಟು ಮೇಲಕ್ಕೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಿ. ಸಗಣಿ ಪರೀಕ್ಷೆ ಮಾಡಿಸಿ ಜಂತುನಾಶಕ ಕೊಡಿಸಿ.

ಈಗ ಮಾಡಬಹುದಾದದ್ದು

ಮೊದಲನೆಯದಾಗಿ, ಹಸುವನ್ನು ಬಚ್ಚಿಡಬೇಡಿ. 12 ಅಂಕಿಯ ಕಿವಿಯೋಲೆ ಹಾಕಿಸಿ. ಕಾಲುಬಾಯಿ ಜ್ವರದ ಲಸಿಕೆಯನ್ನು ವರ್ಷಕ್ಕೆ ಎರಡು ಸಲ, ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆಯನ್ನು ಒಮ್ಮೆ ಹಾಕಿಸಿದಾಗ ಆ ಅಂಕಿಯೊಡನೆ ದಾಖಲಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಯಾವ ಬೀದಿಯಲ್ಲಿ ಎಷ್ಟು ರಾಸು ಇವೆಯೆಂದು ತಿಳಿಯದೆ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಗಣಿ, ಗಂಜಲ ಚರಂಡಿಗೆ ಹರಿಯದಂತೆ ನೋಡಿಕೊಳ್ಳಿ. ನೆರೆಯವರ ದೂರುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ.

ಆಸ್ಪತ್ರೆಗೆ ಹೋದಾಗ ರಾಸಿನ ಹೆಸರು ಹೊರರೋಗಿ ಪುಸ್ತಕದಲ್ಲಿ ಏರಿದೆಯೇ ಎಂದು ಕೇಳಿ. ಪರಿಚಯದ ಮೇಲೆ ಬರೆಸದೆ ಔಷಧಿ ಪಡೆಯುವುದು ಆ ಹೊತ್ತಿಗೆ ಸುಲಭವೆನಿಸುತ್ತದೆ. ವರ್ಷದ ಕೊನೆಗೆ ಆ ಪುಟ ಖಾಲಿಯಿದ್ದರೆ, ಈ ಆಸ್ಪತ್ರೆಗೆ ಯಾರೂ ಬರುವುದಿಲ್ಲವೆಂಬ ತೀರ್ಮಾನಕ್ಕೆ ಬರುವುದು ಯಾರಿಗೂ ಸುಲಭ. 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನದ ನೆರವು ಸಿಗುತ್ತದೆ. ಅದು ಒಳ್ಳೆಯ ಸೇವೆ, ಬಳಸಿಕೊಳ್ಳಿ. ಆದರೆ ವಾಹನವಿದೆಯಲ್ಲ, ಆಸ್ಪತ್ರೆ ಏಕೆ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಬೆದೆ ನೋಡುವುದು, ಗರ್ಭ ಪರೀಕ್ಷೆ, ಜಂತುನಾಶಕ, ಇವು ದಿನನಿತ್ಯದ ಕೆಲಸಗಳು. ಇವಕ್ಕೆ ಬೇಕಾದವರು ನಡೆದು ಹೋಗುವ ದೂರದಲ್ಲಿ ಇರಬೇಕು.

ಊರಿನ ಬ್ಯಾಂಕಿನ ಬಗ್ಗೆಯೂ ಸದಸ್ಯರು ಕೇಳುತ್ತಾರೆ. 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಲಿನ ಪ್ರೋತ್ಸಾಹಧನ ನೇರವಾಗಿ ಖಾತೆಗೆ ಬರುವುದರಿಂದ, ಬ್ಯಾಂಕುಗಳ ವಿಲೀನದಲ್ಲಿ ನಿಮ್ಮ ಶಾಖೆಯ ಸಂಕೇತ ಬದಲಾಗಿದ್ದರೆ ಸಂಘದಲ್ಲಿ ತಿದ್ದಿಸಿಕೊಳ್ಳಿ.

ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಊರು ಪಟ್ಟಣ ಪಂಚಾಯಿತಿಗೋ ಪಾಲಿಕೆಗೋ ಸೇರುವ ಮಾತು ನಡೆಯುತ್ತಿದ್ದರೆ ಆ ಸಭೆಯಲ್ಲೇ ವಿಷಯ ಎತ್ತಿ. ಎಷ್ಟು ಕುಟುಂಬ, ಎಷ್ಟು ರಾಸು, ದಿನಕ್ಕೆ ಎಷ್ಟು ಲೀಟರು ಎಂದು ಬರೆದು, ನೀರಿನ ತೊಟ್ಟಿ ಯಾರ ವಶಕ್ಕೆ ಹೋಗುತ್ತದೆ, ಪಶು ಆಸ್ಪತ್ರೆ ಎಲ್ಲಿರುತ್ತದೆ ಎಂದು ಕೇಳುವ ಠರಾವು ಮಾಡಿ, ಪ್ರತಿಯನ್ನು ತಹಶೀಲ್ದಾರರಿಗೂ ಪಶುಪಾಲನಾ ಇಲಾಖೆಗೂ ಒಕ್ಕೂಟಕ್ಕೂ ಕಳುಹಿಸಿ. ಸೇರ್ಪಡೆಯ ಆದೇಶ ಬಂದ ಮೇಲೆ ಕೇಳಿದರೆ ಆ ಇಲಾಖೆ ಈ ಇಲಾಖೆಯ ಕಡೆಗೆ ಕೈ ತೋರಿಸುತ್ತದೆ.

ಕೆಸರೆಯ ಆ ತಾಯಿಯ ಮನೆಗೆ ಕಳೆದ ವಾರ ಮತ್ತೆ ಹೋಗಿದ್ದೆ. ಹಸುವಿಗೆ ಕಿವಿಯೋಲೆ ಹಾಕಿದ್ದಾಯಿತು. ಹಿಂದಿನ ಬೆದೆ ಯಾವಾಗ ಎಂದು ಕೇಳಿದೆ. ಅವರು ಹಬ್ಬದ ಲೆಕ್ಕ ಹಿಡಿದು ಹೇಳಿದರು. ಅಲ್ಲಿಂದ 21 ದಿನ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೂ ಅದರ ಹಿಂದಿನ ಮುಂದಿನ ಎರಡೆರಡು ದಿನಕ್ಕೂ ಗೀಟು ಹಾಕಿ, ಕೆಳಗೆ ಗರ್ಭಧಾರಣೆ ಕಾರ್ಯಕರ್ತನ ದೂರವಾಣಿ ಸಂಖ್ಯೆ ಬರೆದು ಬಂದೆ.