ಪೆನುಕೊಂಡ: ಹಂಪಿ ಹಾಳಾದ ಮೇಲಿನ ರಾಜಧಾನಿ

ಮಡಕಶಿರಾ ಕಡೆಯವರಿಗೆ ಪೆನುಕೊಂಡ ಹೊಸ ಊರಲ್ಲ. ಕಚೇರಿ ಕೆಲಸಕ್ಕೆ ಹೋಗಿರುತ್ತೇವೆ, ಬಾಬಯ್ಯನ ದರ್ಗಾಕ್ಕೂ ಹೋಗಿರುತ್ತೇವೆ. ಹಂಪಿ ನೋಡಲು ಬಸ್ಸು ಮಾಡಿಕೊಂಡು ಹೋಗುವ ನಾವು, ಪಕ್ಕದಲ್ಲೇ ಇರುವ ಈ ಅರಮನೆಯೊಳಗೆ ಕಾಲಿಟ್ಟಿದ್ದೇವೆಯೇ?

1565ರ ತಾಳಿಕೋಟೆ ಯುದ್ಧದಲ್ಲಿ ರಾಮರಾಯ ಸತ್ತ. ಅವನ ತಮ್ಮ ತಿರುಮಲರಾಯ ಆನೆಗಳ ಮೇಲೆ ಖಜಾನೆ ಹೇರಿಕೊಂಡು, ಹೆಸರಿಗಷ್ಟೇ ಚಕ್ರವರ್ತಿಯಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಹಂಪಿ ಬಿಟ್ಟ. ಕೊನೆಗೆ ನೆಲೆ ನಿಂತದ್ದು ಇಲ್ಲಿ. ಏಕೆಂದರೆ ಬುಕ್ಕರಾಯನ ಕಾಲದಿಂದಲೇ ಇಲ್ಲಿ ಕೋಟೆಯಿತ್ತು, ಬೆನ್ನಿಗೆ ಬೆಟ್ಟವಿತ್ತು. ಪೆನುಕೊಂಡ ಎಂದರೆ ತೆಲುಗಿನಲ್ಲಿ ದೊಡ್ಡ ಬೆಟ್ಟವೆಂದೇ ಅರ್ಥ. ಮುಂದೆ ವೆಂಕಟಪತಿರಾಯನ ಕಾಲದಲ್ಲಿ ರಾಜಧಾನಿ ಚಂದ್ರಗಿರಿಗೆ ಹೋಯಿತು.

ಮೊದಲು ಗಗನಮಹಲ್ ನೋಡಿ. ಎರಡು ಅಂತಸ್ತಿನ ಈ ಅರಮನೆಯ ಕಮಾನುಗಳು ಸುಲ್ತಾನರ ಶೈಲಿಯವು, ಮೇಲಿನ ಗೋಪುರ ಮಾತ್ರ ದೇವಸ್ಥಾನದ ಶಿಖರದಂತೆ. ಹಂಪಿಯ ಕಮಲಮಹಲ್ ನೋಡಿದವರಿಗೆ ಈ ಬೆರಕೆ ತಕ್ಷಣ ಗುರುತು ಸಿಗುತ್ತದೆ. ಯುದ್ಧ ಮಾಡಿದವರಿಂದಲೇ ಕಟ್ಟಡದ ಕಲೆಯನ್ನೂ ಕಲಿತಿದ್ದರು! ನಾನು ಒಮ್ಮೆ ಹೋದಾಗ ಬೀಗ ಹಾಕಿತ್ತು. ಕಾವಲಿನವರನ್ನು ಹುಡುಕಿ ತೆಗೆಸಬೇಕಾಯಿತು.

ಊರೊಳಗೆ ರಾಮನ ಗುಡಿ, ಈಶ್ವರನ ಗುಡಿ ಅಕ್ಕಪಕ್ಕದಲ್ಲೇ ಇವೆ. ರಾಮನ ಗುಡಿಯ ಗೋಡೆಗಳ ಮೇಲೆ ರಾಮಾಯಣದ ಮತ್ತು ಕೃಷ್ಣನ ಕಥೆಗಳು, ಈಶ್ವರನ ಗುಡಿಯ ಮೇಲೆ ಶಿವನ ಕಥೆಗಳು. ಮಕ್ಕಳನ್ನು ಕರೆದೊಯ್ದು ಒಂದೊಂದನ್ನೇ ಗುರುತಿಸಲು ಹೇಳಿ, ಹೊತ್ತು ಹೋದದ್ದೇ ತಿಳಿಯದು. ಪಾರ್ಶ್ವನಾಥ ಬಸದಿಯೂ ಇದೆ.

ಬೆಟ್ಟದ ತುದಿಯಲ್ಲಿ ನರಸಿಂಹ ದೇವರ ಗುಡಿ. ಹತ್ತುವವರು ಬಿಸಿಲೇರುವ ಮೊದಲೇ ಹೊರಡಿ, ಕುಡಿಯುವ ನೀರು ಜೊತೆಗಿರಲಿ. ಪೆನುಕೊಂಡಕ್ಕೆ ಬೆಂಗಳೂರು-ಗುಂತಕಲ್ ಮಾರ್ಗದಲ್ಲಿ ರೈಲು ನಿಲ್ದಾಣವಿದೆ.