ಉಮರ್ ಬಿನ್ ಅಬ್ದುಲ್ ಅಝೀಝ್ ಉಲಮಾಗಳಿಗೆ ಹೇಳಿದ್ದೇನು?

ಜುಮಾದ ಎರಡನೇ ಖುತ್ಬಾದ ಕೊನೆಗೆ ಖತೀಬರು ಓದುವ ಆಯತ್ ಒಂದಿದೆ. ಸೂರಃ ಅನ್ನಹ್ಲ್‌ನ 90ನೆಯದು. ನ್ಯಾಯದಿಂದ ನಡೆಯಬೇಕು, ಒಳಿತು ಮಾಡಬೇಕು, ಸಂಬಂಧಿಕರಿಗೆ ಕೊಡಬೇಕಾದ್ದನ್ನು ಕೊಡಬೇಕು ಎಂದು ಅದರಲ್ಲಿ ಅಲ್ಲಾಹನು ಆಜ್ಞಾಪಿಸುತ್ತಾನೆ. ನಾಚಿಕೆಗೇಡಿನ ಕೆಲಸ, ಕೆಡುಕು, ದಬ್ಬಾಳಿಕೆಯನ್ನು ನಿಷೇಧಿಸುತ್ತಾನೆ. ಅರ್ಥ ಗೊತ್ತಿಲ್ಲದವರಿಗೂ ಅದರ ಧಾಟಿ ಗೊತ್ತು. ಆ ಆಯತ್ ಕಿವಿಗೆ ಬಿದ್ದರೆ ಸಾಕು, ಇನ್ನೇನು ನಮಾಝ್ ಶುರುವಾಗುತ್ತದೆ ಅಂತ ನಾವು ಎದ್ದು ಸಫ್ ಕಟ್ಟಲು ಅಣಿಯಾಗುತ್ತೇವೆ.

ಇದು ಖುತ್ಬಾದಲ್ಲಿ ಸೇರಿದ್ದರ ಹಿಂದೆ ಒಬ್ಬ ಖಲೀಫರ ಆದೇಶವಿದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಉಮವೀ ಆಡಳಿತದಲ್ಲಿ ಮಿಂಬರ್ ಮೇಲೆ ನಿಂತು ಅಲೀ (ರ)ರವರನ್ನು ನಿಂದಿಸುವ ಕೆಟ್ಟ ಪದ್ಧತಿ ನಡೆದು ಬಂದಿತ್ತು. ರಾಜಕೀಯದ ಹಗೆ ಅಲ್ಲಾಹನ ಮನೆಯೊಳಗೂ ಹೊಕ್ಕಿತ್ತು. ಹಿಜರಿ 99ರಲ್ಲಿ, ಅಂದರೆ ಕ್ರಿ.ಶ. 717ರಲ್ಲಿ ಖಲೀಫರಾದ ಉಮರ್ ಬಿನ್ ಅಬ್ದುಲ್ ಅಝೀಝ್ (ರ) ಅದನ್ನು ನಿಲ್ಲಿಸಿದರು. ನಿಂದನೆಯ ಬದಲು ಈ ಆಯತನ್ನು ಓದಬೇಕೆಂದು ಪ್ರಾಂತಗಳಿಗೆ ಬರೆದರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಮಿಂಬರ್ ಇರುವುದು ಯಾರನ್ನೋ ಹೀಯಾಳಿಸಲಿಕ್ಕಲ್ಲ, ನ್ಯಾಯ ಹೇಳಲಿಕ್ಕೆ ಎಂಬ ಪಾಠ ಖತೀಬರಿಗೆ ಸಿಕ್ಕಿತು.

ಇವರ ತಾಯಿ ಎರಡನೇ ಖಲೀಫ ಉಮರ್ (ರ)ರವರ ಮೊಮ್ಮಗಳು. ಇವರು ಆಳಿದ್ದು ಬರೀ ಎರಡೂವರೆ ವರ್ಷ. ಆ ಸಣ್ಣ ಅವಧಿಯಲ್ಲಿ, ಅದಕ್ಕೂ ಮೊದಲು ಮದೀನದ ಗವರ್ನರ್ ಆಗಿದ್ದಾಗ, ಉಲಮಾಗಳ ಹೊಣೆ ಏನು ಎಂದು ಇವರು ಹೇಳಿದ ಮಾತುಗಳು ನಮ್ಮ ಜಮಾಅತ್‌ಗಳು ಇವತ್ತು ಕುಳಿತು ಯೋಚಿಸಬೇಕಾದಂಥವು.

ಹಿಜರಿ 87ರಲ್ಲಿ ಮದೀನಕ್ಕೆ ಗವರ್ನರ್ ಆಗಿ ಬಂದಾಗ ಅವರಿಗೆ ಇಪ್ಪತ್ತೈದರ ಆಸುಪಾಸಿನ ಪ್ರಾಯ. ಬಂದವರು ಝುಹ್‌ರ್ ನಮಾಝ್ ಮುಗಿಸಿ ಊರಿನ ಹತ್ತು ಮಂದಿ ವಿದ್ವಾಂಸರನ್ನು ಕರೆಸಿದರು. ಉರ್ವಃ ಬಿನ್ ಝುಬೈರ್, ಖಾಸಿಂ ಬಿನ್ ಮುಹಮ್ಮದ್, ಸಾಲಿಂ ಬಿನ್ ಅಬ್ದುಲ್ಲಾಹ್‌ರಂಥ ಹಿರಿಯರು ಅದರಲ್ಲಿದ್ದರು. ನಿಮ್ಮ ಅಭಿಪ್ರಾಯ ಕೇಳದೆ ನಾನು ಯಾವ ವಿಷಯವನ್ನೂ ತೀರ್ಮಾನಿಸಲಾರೆ ಎಂದು ಅವರಿಗೆ ತಿಳಿಸಿದರು. ಜೊತೆಗೆ ಇನ್ನೊಂದು ಕೆಲಸ ವಹಿಸಿದರು: ಯಾರಾದರೂ ಅನ್ಯಾಯ ಮಾಡುವುದು ಕಂಡರೆ, ನನ್ನ ಅಧಿಕಾರಿಯೊಬ್ಬ ಜನರಿಗೆ ಅಕ್ರಮ ಎಸಗಿದ್ದು ತಿಳಿದರೆ, ಅದನ್ನು ನನಗೆ ಮುಟ್ಟಿಸಲೇಬೇಕು.

ಇಲ್ಲಿ ನಾವು ಗಮನಿಸಬೇಕಾದ ಮಾತಿದೆ. ಅಧಿಕಾರದಲ್ಲಿದ್ದವರು ವಿದ್ವಾಂಸರನ್ನು ಕರೆಸುವುದು ಹೆಚ್ಚಾಗಿ ದುಆ ಮಾಡಿಸಲು, ಇಲ್ಲವೇ ತಮ್ಮ ಕೆಲಸಕ್ಕೆ ಒಪ್ಪಿಗೆಯ ಮುದ್ರೆ ಒತ್ತಿಸಲು. ಉಮರ್ ಕರೆಸಿದ್ದು ತನ್ನ ಆಡಳಿತದ ತಪ್ಪನ್ನೇ ಹುಡುಕಿ ಹೇಳಲು. ಅನ್ಯಾಯ ಕಂಡೂ ಸುಮ್ಮನಿರುವುದು ಮರ್ಯಾದೆಯಲ್ಲ, ಕರ್ತವ್ಯದಿಂದ ತಪ್ಪಿಸಿಕೊಳ್ಳುವುದು ಎಂದು ಆ ಮಾತಿನ ಅರ್ಥ.

ಖಲೀಫರಾದ ಮೇಲೆ ಅವರು ಮದೀನದ ಅಬೂಬಕರ್ ಬಿನ್ ಹಝ್ಮ್‌ರಿಗೆ ಬರೆದ ಪತ್ರದ ವಿಷಯ ಸಹೀಹುಲ್ ಬುಖಾರಿಯಲ್ಲಿದೆ. ವಿದ್ವಾಂಸರು ಒಬ್ಬೊಬ್ಬರೇ ತೀರಿಹೋದರೆ ವಿದ್ಯೆಯೂ ಅಳಿದೀತು ಎಂಬ ಭಯ ಅವರನ್ನು ಕಾಡುತ್ತಿತ್ತು. ಹಾಗಾಗಿ ಪ್ರವಾದಿ (ಸ)ರವರ ಹದೀಸ್‌ಗಳನ್ನು ಹುಡುಕಿ ಬರೆದಿಡಲು ಹೇಳಿದರು. ಆಯಿಶಾ (ರ)ರವರ ಬಳಿ ಕಲಿತ ಅಮ್ರಃ ಎಂಬ ವಿದುಷಿಯಲ್ಲಿದ್ದ ಹದೀಸ್‌ಗಳನ್ನೂ ಬರೆಯಬೇಕೆಂದು ಸೂಚಿಸಿದ ವರದಿಯೂ ಇದೆ. ಇಬ್ನು ಶಿಹಾಬ್ ಝುಹ್ರಿಯವರಿಗೂ ಇದೇ ಕೆಲಸ ಕೊಟ್ಟು, ಅವರು ಬರೆದ ಪ್ರತಿಗಳನ್ನು ಬೇರೆ ಬೇರೆ ಪ್ರಾಂತಗಳಿಗೆ ಕಳಿಸಿದರು. ಬರೆದರಷ್ಟೇ ಸಾಲದು, ಗೊತ್ತಿಲ್ಲದವರು ಬಂದು ಕೇಳುವ ಹಾಗೆ ಉಲಮಾಗಳು ಜನರ ನಡುವೆ ಕೂರಬೇಕು ಎಂದೂ ಆ ಪತ್ರದಲ್ಲಿತ್ತು. ವಿದ್ಯೆ ಹಾಳಾಗುವುದು ಅದು ಗುಟ್ಟಾದಾಗ ಎಂಬುದು ಅವರ ಎಚ್ಚರಿಕೆ.

ಜನರ ಬಳಿಗೆ ಹೋಗಲು ಆಗದಲ್ಲಿ ಅವರೇ ಕಳಿಸಿಕೊಟ್ಟರು. ಉತ್ತರ ಆಫ್ರಿಕಾದ ಬರ್ಬರ್ ಜನರಿಗೆ ಕಲಿಸಲು ಹತ್ತು ಮಂದಿ ತಾಬಿಈಗಳು ಹೋದರು. ಈಜಿಪ್ಟಿಗೆ ಇಬ್ನು ಉಮರ್ (ರ)ರವರ ಶಿಷ್ಯ ನಾಫಿಅ್ ಹೋದರು.

ಹೀಗೆ ಹೊರಟವರ ಹೊಟ್ಟೆಪಾಡು? ಅದನ್ನೂ ಅವರು ಮರೆಯಲಿಲ್ಲ. ದುನಿಯಾದ ಸಂಪಾದನೆ ಬಿಟ್ಟು ಮಸೀದಿಯಲ್ಲಿ ವಿದ್ಯೆಗಾಗಿಯೇ ಕುಳಿತವರಿಗೆ ಬೈತುಲ್ ಮಾಲ್‌ನಿಂದ ತಲಾ 100 ದೀನಾರ್ ಕೊಡಿ ಎಂದು ಹಿಮ್ಸ್‌ನ ಅಧಿಕಾರಿಗೆ ಬರೆದರು. ಮರಳುಗಾಡಿನ ಜನರಿಗೆ ಕಲಿಸಲು ಯಝೀದ್ ಬಿನ್ ಅಬೀ ಮಾಲಿಕ್ ಮತ್ತು ಹಾರಿಸ್ ಎಂಬಿಬ್ಬರನ್ನು ನೇಮಿಸಿ ಇಬ್ಬರಿಗೂ ವೇತನ ಗೊತ್ತು ಮಾಡಿದರು. ಯಝೀದ್ ತೆಗೆದುಕೊಂಡರು, ಹಾರಿಸ್ ಬೇಡವೆಂದರು. ಸುದ್ದಿ ಖಲೀಫರಿಗೆ ಹೋಯಿತು. ಯಝೀದ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ ಎಂದರು. ಹಾರಿಸ್‌ರಂಥವರು ನಮ್ಮಲ್ಲಿ ಹೆಚ್ಚಾಗಲಿ ಎಂದು ದುಆ ಮಾಡಿದರು. ಪಡೆದವರನ್ನು ಕೀಳು ಮಾಡಲಿಲ್ಲ, ಬಿಟ್ಟವರನ್ನು ಕಡೆಗಣಿಸಲಿಲ್ಲ.

ಈಗ ನಮ್ಮ ಮೊಹಲ್ಲಾಗಳನ್ನು ನೋಡೋಣ. ಹೆಣ್ಮಕ್ಕಳ ಆಸ್ತಿ ಪಾಲು ತಡೆಹಿಡಿದ ಮನೆ, ವರದಕ್ಷಿಣೆ ಕೈ ಬದಲಾದ ಮದುವೆ, ಬಡ್ಡಿಯ ವ್ಯವಹಾರ, ಇದೆಲ್ಲ ಊರಿನ ಉಸ್ತಾದರಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಬಾಯಿ ತೆರೆದರೆ ಬರುವ ಉತ್ತರವೂ ಗೊತ್ತು: "ಉಸ್ತಾದರೇ, ನಿಮಗದೆಲ್ಲ ಯಾಕೆ, ಮಕ್ಕಳಿಗೆ ಓದಿಸಿದರೆ ಸಾಕಲ್ವಾ?" ಸಂಬಳ ಕೊಡುವ ಕೈಯೇ ಬಾಯಿ ಮುಚ್ಚಿಸಿದರೆ ಆ ಆಯತ್ ಮಿಂಬರ್‌ನಿಂದ ಕೆಳಗಿಳಿಯುವುದಾದರೂ ಹೇಗೆ?

ಹಾಗಂತ ಎಲ್ಲ ಹೊಣೆಯನ್ನು ಕಮಿಟಿಯ ತಲೆಗೆ ಕಟ್ಟಿ ನಾವು ಕಲಿಸುವವರು ಪಾರಾಗುವಂತಿಲ್ಲ. ಸತ್ಯ ಹೇಳುವುದಕ್ಕೂ ಅದಬು ಇದೆ. ಒಬ್ಬರ ತಪ್ಪನ್ನು ಮೈಕ್ ಹಿಡಿದು ಊರಿಗೆಲ್ಲ ಸಾರುವುದಲ್ಲ, ಮನೆಗೆ ಹೋಗಿ ಕೂತು ಹೇಳಬಹುದು. ಸಂಘಟನೆಯ ಹೆಸರಲ್ಲಿ ಎದುರಿನವರನ್ನು ಹೀಯಾಳಿಸುವುದಕ್ಕೆ ಗಂಟೆಗಟ್ಟಲೆ ಭಾಷಣವಿದ್ದು, ಪಾಲು ಸಿಗದ ತಂಗಿಯ ಪರವಾಗಿ ಒಂದು ಮಾತಿಲ್ಲ ಅಂದರೆ ಉಮರ್ ನಿಲ್ಲಿಸಿದ್ದನ್ನೇ ನಾವು ಮತ್ತೆ ಶುರು ಮಾಡಿದ ಹಾಗೆ.

ಜಮಾಅತ್‌ನ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳೋಣ. ನಮ್ಮ ಉಸ್ತಾದರ ಮನೆಖರ್ಚು ಈ ಸಂಬಳದಲ್ಲಿ ನಡೆಯುತ್ತದಾ? ನಮ್ಮ ತಪ್ಪನ್ನು ನಮಗೆ ಹೇಳಿದ ಮೇಲೂ ಅವರ ಕೆಲಸ ಉಳಿಯುತ್ತದಾ? ಎರಡಕ್ಕೂ ಹೌದು ಎನ್ನಬಲ್ಲ ಜಮಾಅತ್‌ಗೆ ಮಾತ್ರ ತನ್ನ ಉಸ್ತಾದರಿಂದ ಸತ್ಯ ಕೇಳುವ ಹಕ್ಕಿದೆ.