ಫೈಬರ್ ದೋಣಿಯ ಕೊಳೆತ ತಳ: ಮಣಲಿಯ ಒಂದು ದುರಸ್ತಿ

೨೦೨೧ರ ನವೆಂಬರಿನಲ್ಲಿ ಪೂಂಡಿ ಜಲಾಶಯದಿಂದ ಬಿಟ್ಟ ನೀರು ಕೊಸಸ್ತಲೈಯಾರು ನದಿಯಲ್ಲಿ ಉಕ್ಕಿ ಬಂದು ಮಣಲಿ ಪುದುನಗರದ ಬೀದಿಗಳಿಗೆ ನುಗ್ಗಿದ್ದು ನಮ್ಮ ಓದುಗರಿಗೆ ನೆನಪಿರಬಹುದು. ಅಂದು ಜನರನ್ನು ಮನೆಗಳಿಂದ ದೋಣಿಗಳಲ್ಲಿ ಕರೆತರಬೇಕಾಯಿತು. ಅದಕ್ಕೂ ಮೊದಲು, ೨೦೧೫ರ ಡಿಸೆಂಬರಿನ ಮಹಾಪ್ರವಾಹದಲ್ಲಿ, ಮೀನುಗಾರರು ತಮ್ಮ ಫೈಬರ್ ದೋಣಿಗಳನ್ನು ಲಾರಿಗಳ ಮೇಲೆ ಹೇರಿ ತಂದು ಚೆನ್ನೈ ನಗರದ ಬಡಾವಣೆಗಳಲ್ಲಿ ನಡೆಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಈ ಅನುಭವಗಳ ಬಳಿಕ ಮಣಲಿಯ ಕಡೆ ನೆಲೆಸಿರುವ ನಾವು ಕೆಲವು ಕುಟುಂಬದವರು ಸೇರಿ, ಮಳೆಗಾಲದ ಆಪತ್ತಿಗೆಂದು ಹದಿನಾಲ್ಕು ಅಡಿಯ ಹಳೆಯ ಮೋಟರು ದೋಣಿಯೊಂದನ್ನು ಕೊಂಡೆವು. ಅದು ಮೂಲತಃ ಕೆರೆಯ ವಿಹಾರಕ್ಕೆಂದು ಕಟ್ಟಿದ ದೋಣಿ. ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೇನಿದೆಯೆಂದು ನಾವು ಕೇಳಲಿಲ್ಲ, ಮಾರಿದವರು ಹೇಳಲೂ ಇಲ್ಲ.

೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ವೇಳೆ ಅದು ಉಪಯೋಗಕ್ಕೆ ಬಂತು. ಎರಡನೆಯ ಸುತ್ತಿನಲ್ಲಿ ಹಿರಿಯ ಅಜ್ಜಿಯೊಬ್ಬರನ್ನು ಹತ್ತಿಸಿಕೊಳ್ಳುವಾಗ ಅವರ ಕಾಲು ನೆಲದಲ್ಲಿ ಅಂಗೈಯಗಲ ಕುಸಿಯಿತು. ಪುಣ್ಯಕ್ಕೆ ತಳದ ಹೊರಕವಚ ಗಟ್ಟಿಯಾಗಿತ್ತು, ನೀರು ಒಳಬರಲಿಲ್ಲ. ಅಜ್ಜಿಯ ಪಾದಕ್ಕೆ ತರಚಿದ ಗಾಯವಾದುದೇ ಹೊರತು ಹೆಚ್ಚಿನ ಅಪಾಯವಾಗಲಿಲ್ಲ. ಆದರೆ ಅಂತಹ ದೋಣಿಯಲ್ಲಿ ಮತ್ತೊಮ್ಮೆ ಎಂಟು ಜನರನ್ನು ಕೂರಿಸುವ ಧೈರ್ಯ ನಮಗಿರಲಿಲ್ಲ. ೨೦೨೪ರ ಬೇಸಿಗೆಯಲ್ಲಿ ಅದನ್ನು ಬಿಚ್ಚಿ ದುರಸ್ತಿ ಮಾಡಿದೆವು. ಆ ಕೆಲಸದಲ್ಲಿ ಕಲಿತುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಫೈಬರ್ ದೋಣಿ ಕೊಳೆಯುವುದೆಂದರೇನು ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಗಾಜಿನ ನಾರನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ತೋಯಿಸಿ ಗಟ್ಟಿಗೊಳಿಸಿದ ಪದಾರ್ಥವನ್ನು ಯಾವ ಗೆದ್ದಲೂ ತಿನ್ನದು, ಯಾವ ಶಿಲೀಂಧ್ರವೂ ಮುಟ್ಟದು. ಅಮೆರಿಕದಲ್ಲಿ ೧೯೪೦ರ ದಶಕದಲ್ಲಿ ಆರಂಭವಾದ ಈ ಬಗೆಯ ದೋಣಿನಿರ್ಮಾಣ ಜಗತ್ತಿನಾದ್ಯಂತ ಹರಡಿದ್ದೇ ಈ ಗುಣದಿಂದ. ಬಂಗಾಳ ಕೊಲ್ಲಿ ಕಾರ್ಯಕ್ರಮವು ೧೯೭೯ರಲ್ಲಿ ಮದರಾಸನ್ನೇ ಕೇಂದ್ರವಾಗಿಸಿಕೊಂಡು ಆರಂಭವಾಗಿ, ದಡಕ್ಕೆ ಎಳೆದುಹಾಕಬಹುದಾದ ದೋಣಿಗಳನ್ನು ರೂಪಿಸುವ ಪ್ರಯೋಗಗಳನ್ನು ನಡೆಸಿತು. ೨೦೦೪ರ ಸುನಾಮಿಯ ನಂತರವಂತೂ ತಮಿಳುನಾಡಿನ ಕರಾವಳಿಯಲ್ಲಿ ಕಟ್ಟುಮರಗಳ ಸ್ಥಾನವನ್ನು ಫೈಬರ್ ದೋಣಿಗಳು ಬಹುಮಟ್ಟಿಗೆ ಆಕ್ರಮಿಸಿದವು.

ಕೊಳೆಯುವುದು ಫೈಬರ್ ಅಲ್ಲ, ಅದರೊಳಗೆ ಅಡಗಿರುವ ಮರ. ನಮ್ಮದರಂತಹ ಮೋಟರು ದೋಣಿಗಳಲ್ಲಿ ತಳದ ಉದ್ದಕ್ಕೂ ಮರದ ತೊಲೆಗಳನ್ನಿಟ್ಟು ಅವುಗಳ ಮೇಲೆ ಫೈಬರ್ ಹೊದಿಸಿರುತ್ತಾರೆ. ಕೆಲಸಗಾರರು ಇವನ್ನು ಸ್ಟ್ರಿಂಗರ್ ಎನ್ನುತ್ತಾರೆ. ಅವುಗಳ ಮೇಲೆ ಪ್ಲೈವುಡ್ ಹಾಸಿ, ಅದಕ್ಕೂ ತೆಳುವಾದ ಫೈಬರ್ ಹೊದಿಕೆ ಕೊಟ್ಟರೆ ನಾವು ಕಾಲಿಡುವ ನೆಲ ಸಿದ್ಧ. ನೆಲಕ್ಕೂ ಹೊರತಳಕ್ಕೂ ನಡುವಿನ ಪೊಳ್ಳಿನಲ್ಲಿ ತೇಲುವ ಶಕ್ತಿಗಾಗಿ ಫೋಮ್ ತುಂಬಿಸುತ್ತಾರೆ. ಕುರ್ಚಿ ಬಿಗಿಯಲು, ಪೆಟ್ರೋಲ್ ಟ್ಯಾಂಕ್ ಕಟ್ಟಲು ಆ ನೆಲಕ್ಕೆ ಸ್ಕ್ರೂ ಹೊಡೆಯುತ್ತಾರೆ. ಪ್ರತಿಯೊಂದು ಸ್ಕ್ರೂ ತೂತೂ ನೀರಿಗೆ ಬಾಗಿಲು. ಒಳಹೊಕ್ಕ ನೀರಿಗೆ ಹೊರಹೋಗುವ ದಾರಿಯಿಲ್ಲ. ಮರದ ತೇವಾಂಶ ಸುಮಾರು ೨೦ ಶೇಕಡಾ ಮೀರಿ ಹಾಗೆಯೇ ಉಳಿದರೆ ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಅವುಗಳಿಗೆ ಬೇಕಾದ ಬೆಚ್ಚನೆಯ ಹವೆ ಚೆನ್ನೈನಲ್ಲಿ ವರ್ಷವಿಡೀ ಇದ್ದೇ ಇದೆ.

ಇಲ್ಲಿ ಒಂದು ವಿಚಿತ್ರವಿದೆ. ದೋಣಿಯ ಮರವನ್ನು ಹೆಚ್ಚು ಕೆಡಿಸುವುದು ಕಡಲ ನೀರಲ್ಲ, ಮಳೆಯ ನೀರು. ಉಪ್ಪು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತದೆ, ಸಿಹಿನೀರು ಪೋಷಿಸುತ್ತದೆ. ಹಾಗಾಗಿ ದಿನವೂ ಸಮುದ್ರಕ್ಕಿಳಿಯುವ ಎಣ್ಣೂರಿನ ದೋಣಿಗಿಂತ, ಅಂಗಳದಲ್ಲಿ ಬಾಯಿ ಮೇಲೆ ಮಾಡಿ ನಿಂತು ಎರಡು ಮಳೆಗಾಲ ಕಂಡ ನಮ್ಮ ದೋಣಿಯೇ ಬೇಗ ಕೊಳೆಯಿತು. ಮೀನುಗಾರರ ಫೈಬರ್ ದೋಣಿ ಬಹುಪಾಲು ತೆರೆದ ಒಡಲಿನದು. ಅದರೊಳಗಿನ ನೀರು ಕಣ್ಣಿಗೆ ಕಾಣುತ್ತದೆ, ಮೊಗೆದು ಚೆಲ್ಲುತ್ತಾರೆ. ನಮ್ಮದು ಮುಚ್ಚಿದ ನೆಲದ ದೋಣಿ. ನಾವು ಜೋಪಾನವೆಂದು ಹೊದಿಸಿದ್ದ ಟಾರ್ಪಾಲಿನ್ ನಡುವೆ ಜೋತುಬಿದ್ದು ಮಳೆನೀರನ್ನು ಕೊಳದಂತೆ ಹಿಡಿದಿಟ್ಟು ತೊಟ್ಟಿಕ್ಕಿಸುತ್ತಿತ್ತು. ಜೋಪಾನವೇ ರೋಗವಾಯಿತು.

ಕೊಳೆತ ಭಾಗವನ್ನು ಪತ್ತೆ ಮಾಡಲು ದೊಡ್ಡ ಯಂತ್ರವೇನೂ ಬೇಡ. ಸಣ್ಣ ಸುತ್ತಿಗೆಯಿಂದ ನೆಲವನ್ನು ಗೇಣು ಗೇಣಿಗೆ ತಟ್ಟುತ್ತ ಹೋದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೆಟ್ಟ ಜಾಗ ಮಂಕಾಗಿ ದಬ್ ಎನ್ನುತ್ತದೆ. ತೆಂಗಿನಕಾಯಿ ತಟ್ಟಿ ಆರಿಸುವ ನಮ್ಮ ಮನೆಯ ಹೆಂಗಸರಿಗೆ ಈ ವಿದ್ಯೆ ಕಲಿಸಬೇಕಾಗಿಯೇ ಇರಲಿಲ್ಲ. ಸಂಶಯವಿದ್ದಲ್ಲಿ ಸಣ್ಣ ತೂತು ಕೊರೆದು ಹೊರಬರುವ ಪುಡಿಯನ್ನು ನೋಡಬೇಕು. ಬಿಳಿಯ ಒಣ ಪುಡಿ ಬಂದರೆ ಮರ ಚೆನ್ನಾಗಿದೆ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆಯೊಡನೆ ಬಂದರೆ ಅದರ ಆಯುಷ್ಯ ಮುಗಿದಿದೆ. ಮೋಟರು ತೂಗುಹಾಕುವ ಹಿಂಬದಿಯ ಅಡ್ಡಗೋಡೆಯೊಳಗೂ ಪ್ಲೈವುಡ್ ಇರುತ್ತದೆ. ಅದನ್ನೂ ಪರೀಕ್ಷಿಸಲೇಬೇಕು. ನಮ್ಮ ದೋಣಿಯಲ್ಲಿ ಅದು ಉಳಿದಿತ್ತು, ನೆಲದ ಮೂರರಲ್ಲಿ ಎರಡು ಪಾಲೂ ಒಂದು ಸ್ಟ್ರಿಂಗರೂ ಹೋಗಿದ್ದವು.

ಮೆತ್ತಗಾದ ನೆಲದ ಮೇಲೆ ಇನ್ನೊಂದು ಹಲಗೆ ಬಡಿದು ಮುಚ್ಚಿಬಿಡಿ ಎಂದು ನಮಗೆ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಇದು ಕೂಡದು. ಕೆಳಗಿನ ಕೊಳೆತ ಹಾಗೆಯೇ ಹರಡುತ್ತದೆ, ಹೊಸ ಸ್ಕ್ರೂಗಳಿಗೆ ಹಿಡಿಯಲು ಗಟ್ಟಿ ಮರವೇ ಇರುವುದಿಲ್ಲ, ಮೇಲಾಗಿ ದೋಣಿಯ ಭಾರ ಹೆಚ್ಚುತ್ತದೆ.

ಕತ್ತರಿಸುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಮೋಟರು, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಎಲ್ಲವನ್ನೂ ಇಳಿಸಿ ದೂರವಿಡಬೇಕು. ಗ್ರೈಂಡರಿನ ಕಿಡಿಗೂ ಪೆಟ್ರೋಲಿನ ಆವಿಗೂ ನೆರೆಹೊರೆ ಒಳ್ಳೆಯದಲ್ಲ. ದೋಣಿಯನ್ನು ಸಮತಟ್ಟಾಗಿ ಹಲವು ಕಡೆ ಆಧಾರ ಕೊಟ್ಟು ನಿಲ್ಲಿಸಬೇಕು. ದೋಣಿಯ ಆಕಾರವನ್ನು ಹಿಡಿದಿಡುವುದೇ ನೆಲ ಮತ್ತು ಸ್ಟ್ರಿಂಗರುಗಳು. ಅವನ್ನು ತೆಗೆದಾಗ ತಳ ಜೋತುಬಿದ್ದರೆ ಹೊಸ ನೆಲ ಆ ಸೊಟ್ಟ ಆಕಾರವನ್ನೇ ಶಾಶ್ವತಗೊಳಿಸುತ್ತದೆ. ಇದೇ ಕಾರಣಕ್ಕೆ ಸ್ಟ್ರಿಂಗರುಗಳನ್ನು ಒಂದೊಂದಾಗಿ ಬದಲಿಸಬೇಕೇ ಹೊರತು ಎಲ್ಲವನ್ನೂ ಒಟ್ಟಿಗೆ ಕೀಳಬಾರದು.

ಗರಗಸದ ಆಳವನ್ನು ಪ್ಲೈವುಡ್ಡಿನ ದಪ್ಪಕ್ಕೆ ಸರಿಯಾಗಿ ಕಟ್ಟಿಕೊಂಡು, ಅಂಚಿನಿಂದ ಎರಡು ಅಂಗುಲ ಬಿಟ್ಟು ಕೊಯ್ಯಬೇಕು. ಆ ಉಳಿದ ಅಂಚು ಹೊಸ ನೆಲದ ಎತ್ತರಕ್ಕೆ ಗುರುತು. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ. ತುಂಬುತೋಳಿನ ಅಂಗಿ, ಕನ್ನಡಕ, ಸರಿಯಾದ ಮಾಸ್ಕ್ ಇಲ್ಲದೆ ಗ್ರೈಂಡರ್ ಹಿಡಿಯಬಾರದು. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನ ಸ್ನಾನ ಮಾಡುವುದು ಈ ಕಸುಬಿನವರ ರೂಢಿ.

ನೆಲ ಎತ್ತಿದಾಗ ಕಂಡ ಫೋಮ್ ನೆನೆದ ಬ್ರೆಡ್ಡಿನಂತಿತ್ತು. ಹಿಂಡಿದರೆ ನೀರು ಸುರಿಯುತ್ತಿತ್ತು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ತೇಲಿಸಬೇಕಾದ ವಸ್ತುವೇ ಮುಳುಗಿಸಲು ಸಿದ್ಧವಾಗಿತ್ತು. ಗುದ್ದಲಿಯಿಂದ ಕೆರೆದು ಬಾಚಿ ತೆಗೆಯಲು ಎರಡು ದಿನ ಹಿಡಿಯಿತು. ಅನಂತರ ಒಣಗಿಸುವ ಕೆಲಸ. ಅವಸರ ಇಲ್ಲಿಯೇ ಎಲ್ಲರನ್ನೂ ಕೆಡಿಸುವುದು. ನಮ್ಮ ಭಾಗಕ್ಕೆ ಮುಖ್ಯ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವುದರಿಂದ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲವೇ ಇದಕ್ಕೆ ಪ್ರಶಸ್ತ. ನಾವು ಐದು ವಾರ ನೆರಳಿನಲ್ಲಿ, ಗಾಳಿಗೆ ತೆರೆದಿಟ್ಟು ಒಣಗಿಸಿದೆವು.

ನಮಗೆ ಇನ್ನೊಂದು ತೊಡಕಿತ್ತು. ಮಿಚಾಂಗ್ ಮಳೆಯ ದಿನಗಳಲ್ಲಿ ಮಣಲಿ ಕೈಗಾರಿಕಾ ಪ್ರದೇಶದಿಂದ ಎಣ್ಣೆ ಪ್ರವಾಹದ ನೀರಿನೊಡನೆ ಬೆರೆತು, ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರು ಅಳಿವೆಗೆ ಹರಿದುದು ದೊಡ್ಡ ಸುದ್ದಿಯಾಗಿತ್ತು. ಮೀನುಗಾರರ ದೋಣಿಗಳೂ ಬಲೆಗಳೂ ಕಪ್ಪಾದವು, ಜೀವನೋಪಾಯವೇ ನಿಂತುಹೋಯಿತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿತು. ಅವರ ನಷ್ಟದ ಮುಂದೆ ನಮ್ಮದು ಲೆಕ್ಕಕ್ಕಿಲ್ಲ. ಆದರೂ ಆ ನೀರಿನ ಜಿಡ್ಡು ನಮ್ಮ ದೋಣಿಯ ಮೈಗೂ ಅಂಟಿತ್ತು. ಎಣ್ಣೆ ಅಂಟಿದ ಫೈಬರನ್ನು ನೇರವಾಗಿ ಉಜ್ಜಿದರೆ ಎಣ್ಣೆ ಗೀರುಗಳೊಳಗೆ ಇನ್ನಷ್ಟು ಇಳಿಯುತ್ತದೆ, ಹೊಸ ರೆಸಿನ್ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಸೋಪಿನ ನೀರಿನಿಂದ ಹಲವು ಬಾರಿ ತೊಳೆದು, ಬಳಿಕ ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರತಿ ಸಲವೂ ಬಟ್ಟೆ ಬದಲಿಸಿ, ಆಮೇಲಷ್ಟೇ ೪೦ನೇ ನಂಬರಿನ ಒರಟು ಕಾಗದದಿಂದ ಉಜ್ಜಬೇಕು.

ಯಾವ ರೆಸಿನ್ ಎಂಬ ವಿಷಯದಲ್ಲಿ ನಮಗೂ ಎಣ್ಣೂರಿನಿಂದ ಬಂದ ಫೈಬರ್ ಮೇಸ್ತ್ರಿಗೂ ಒಂದು ಸಂಜೆಯೆಲ್ಲ ವಾದ ನಡೆಯಿತು. ಅವರ ಕೈ ಪಳಗಿರುವುದು ಪಾಲಿಯೆಸ್ಟರಿನಲ್ಲಿ. ಅದು ಅಗ್ಗ, ಬೇಗ ಗಟ್ಟಿಯಾಗುತ್ತದೆ, ಹೊಸ ದೋಣಿ ಕಟ್ಟಲು ಸಾಕು. ಆದರೆ ಹಳೆಯ ಫೈಬರಿಗೂ ಮರಕ್ಕೂ ಅಂಟುವ ಬಲ ಇಪಾಕ್ಸಿಗೆ ಹೆಚ್ಚು. ದುರಸ್ತಿಯೆಂದರೆ ಅಂಟುವಿಕೆಯೇ ಸರ್ವಸ್ವ. ಬೆಲೆ ಹೆಚ್ಚಾದರೂ ನಾವು ಇಪಾಕ್ಸಿಯನ್ನೇ ಆರಿಸಿದೆವು. ಎರಡನ್ನೂ ಬೆರಕೆ ಮಾಡಬಾರದು. ಗಟ್ಟಿಯಾದ ಇಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮ್ಯಾಟ್ ಕೂಡ ಇಪಾಕ್ಸಿಗೆ ಒಗ್ಗದು. ಅದರ ನಾರುಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗಲೆಂದೇ ಮಾಡಿದ್ದು. ಇಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆಯೇ ಬೇಕು.

ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ ಹೇಳದೆ ಮುಂದುವರಿಯಲಾರೆವು. ಅದಕ್ಕೆ ಬೆರೆಸುವ ಕೊಬಾಲ್ಟ್ ಮತ್ತು ಹಾರ್ಡ್ನರ್ ಬೇರೆ ಬೇರೆ ಬಾಟಲಿಗಳಲ್ಲಿ ಬರುತ್ತವೆ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಅಥವಾ ಸ್ಫೋಟವಾಗುತ್ತದೆ. ಕೊಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆನಂತರವೇ ಹಾರ್ಡ್ನರ್ ಹಾಕಬೇಕು. ಅದರ ಪ್ರಮಾಣ ಕಿಲೋಗೆ ೧೦ರಿಂದ ೨೦ ಗ್ರಾಂ. ಚೆನ್ನೈನ ಬೇಸಿಗೆಯಲ್ಲಿ ಕಡಿಮೆಯ ಅಳತೆಯೇ ಸಾಕು. ಈ ಹಾರ್ಡ್ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಇಪಾಕ್ಸಿಯಲ್ಲಾದರೋ ಬೇಗ ಗಟ್ಟಿಯಾಗಲೆಂದು ಹಾರ್ಡ್ನರ್ ಹೆಚ್ಚು ಸುರಿಯುವ ಹಾಗಿಲ್ಲ. ತಯಾರಕರು ಹೇಳಿದ ಪ್ರಮಾಣ ತಪ್ಪಿದರೆ ಅದು ಎಂದಿಗೂ ಪೂರ್ಣ ಗಟ್ಟಿಯಾಗುವುದಿಲ್ಲ.

ಹೊಸ ನೆಲಕ್ಕೆ ೧೨ ಮಿಲಿಮೀಟರಿನ ಮರೀನ್ ಪ್ಲೈ ತಂದೆವು. ಹಲಗೆಯ ಮೇಲೆ ಐ.ಎಸ್. ೭೧೦ ಎಂಬ ಮುದ್ರೆ ಇರುವುದನ್ನು ನೋಡಿಯೇ ಕೊಳ್ಳಬೇಕು. ಹಳೆಯ ನೆಲವನ್ನೇ ಅಚ್ಚಾಗಿಟ್ಟು ಕೊಯ್ದು, ಎರಡೂ ಮುಖಗಳಿಗೆ ಮತ್ತು ಮುಖ್ಯವಾಗಿ ಅಂಚುಗಳಿಗೆ ಮೂರು ಸಲ ಇಪಾಕ್ಸಿ ಬಳಿದೆವು. ಅಂಚು ಕುಡಿಯುವಷ್ಟು ರೆಸಿನನ್ನು ಹಲಗೆಯ ಮುಖ ಕುಡಿಯುವುದಿಲ್ಲ, ನೀರೂ ಹಾಗೆಯೇ. ಬಳಿಯುವುದಕ್ಕೆ ಸಂಜೆ ಸೂಕ್ತ. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳೇಳುತ್ತವೆ. ಸಂಜೆ ಮರ ತಣಿಯುತ್ತ ರೆಸಿನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೇಲ್ಮೈಯಲ್ಲಿ ಮೇಣದಂತಹ ಜಿಡ್ಡು ಕಂಡರೆ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ, ಮುಂದಿನ ಪದರ ಹಾಕಬೇಕು.

ಹಲಗೆಯನ್ನು ದೋಣಿಯ ಪಕ್ಕೆಗೆ ತಾಗಿಸಿ ಬಿಗಿಯಬಾರದು. ತಾಗಿದ ಕಡೆ ಪ್ರತಿ ಅಲೆಯ ಪೆಟ್ಟೂ ಒಂದೇ ಗೆರೆಯ ಮೇಲೆ ಬಿದ್ದು ಹೊರಕವಚ ಬಿರಿಯುತ್ತದೆ. ಸುತ್ತ ಐದಾರು ಮಿಲಿಮೀಟರ್ ಬಿಟ್ಟು, ಸಂದಿಗೆ ಇಪಾಕ್ಸಿಯ ಲಪ್ಪ ತುಂಬಿ ಒಳಗೋಡೆಗೆ ದುಂಡಗೆ ತಿದ್ದಿ, ಅದರ ಮೇಲೆ ನಾಲ್ಕಂಗುಲ ಅಗಲದ ಗಾಜಿನ ಬಟ್ಟೆಯ ಪಟ್ಟಿಗಳನ್ನು ಹಾಸಿದೆವು. ಸ್ಕ್ರೂ ತೂತುಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಇಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದೆವು. ಈಗ ಸ್ಕ್ರೂ ಹಾದುಹೋಗುವ ದಾರಿಯಲ್ಲಿ ಮರವೇ ಎದುರಾಗದು. ಸ್ಟ್ರಿಂಗರುಗಳ ಕೆಳಗೆ ನೀರು ಹಿಂಬದಿಗೆ ಹರಿದುಹೋಗಲು ಕಂಡಿಗಳನ್ನೂ ಬಿಟ್ಟೆವು. ಹಳೆಯ ದೋಣಿಯಲ್ಲಿ ಇದೊಂದೇ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಫೋಮನ್ನು ಬಿಟ್ಟುಬಿಡೋಣವೆಂದು ನಮ್ಮಲ್ಲಿ ಕೆಲವರ ಅಭಿಪ್ರಾಯವಿತ್ತು. ಅದು ತಪ್ಪು. ದೋಣಿಯಲ್ಲಿ ನೀರು ತುಂಬಿದರೂ ಅದು ಜನರ ಕೈಗೆ ಆಸರೆಯಾಗಿ ತೇಲುವುದು ಫೋಮಿನಿಂದಲೇ. ಎರಡು ದ್ರವಗಳನ್ನು ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮ್ ಒಂದು ಲೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ ಭಾರವನ್ನು ನೀರಿನಲ್ಲಿ ಹೊರಬಲ್ಲದು. ಕಂಡಿಗಳನ್ನು ಮುಚ್ಚದಂತೆ, ತಳದಲ್ಲಿ ನೀರಿನ ದಾರಿ ಬಿಟ್ಟು ಸುಮಾರು ೨೦೦ ಲೀಟರ್ ತುಂಬಿದೆವು. ಬಣ್ಣದ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪಾಕ್ಸಿ ಬಿಸಿಲಿಗೆ ಪುಡಿಯಾಗುವುದರಿಂದ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕೇ ಬೇಕು, ಒದ್ದೆ ಕಾಲು ಜಾರದಂತೆ ಅದರಲ್ಲಿ ಸಣ್ಣ ಮರಳು ಉದುರಿಸಿದರೆ ಒಳ್ಳೆಯದು.

ಜೂನ್ ಮೊದಲ ವಾರದಲ್ಲಿ ದೋಣಿಯನ್ನು ನಿಂತ ನೀರಿಗೆ ಇಳಿಸಿ, ಜನರನ್ನು ಹತ್ತಿಸುವ ಮೊದಲು ಭಾರ ಹಾಕಿ ನೋಡಿದೆವು. ಚೆನ್ನೈನ ಮನೆ ಮನೆಯಲ್ಲಿರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳೇ ತೂಕದ ಕಲ್ಲುಗಳು. ಎಂಟು ಜನರ ಭಾರಕ್ಕೆ ಸಮನಾಗಿ ೩೦ ಕ್ಯಾನುಗಳನ್ನು ಒಂದೊಂದಾಗಿ ಜೋಡಿಸಿ, ಅಂದು ಕುಸಿದಿದ್ದ ಜಾಗದಲ್ಲೇ ಹೆಚ್ಚು ಪೇರಿಸಿ, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಕ್ಯಾನುಗಳನ್ನು ಇಳಿಸಿ, ದೋಣಿಯನ್ನು ದಡಕ್ಕೆಳೆದು ಹಿಂಬದಿಯ ಬಿರಡೆ ತೆಗೆದಾಗ ಒಂದು ಹನಿಯೂ ಹೊರಬರಲಿಲ್ಲ. ಮೇಸ್ತ್ರಿ ಮೊಣಕಾಲೂರಿ ಸುತ್ತಿಗೆಯಿಂದ ನೆಲವನ್ನು ಇನ್ನೊಮ್ಮೆ ಉದ್ದಕ್ಕೂ ತಟ್ಟಿ ಕೇಳಿದರು. ಈಗ ದೋಣಿಯನ್ನು ಬೋರಲು ಹಾಕಿ, ಬಿರಡೆಯನ್ನು ತೆಗೆದೇ ಇರಿಸಿದ್ದೇವೆ. ಬಿರಡೆಯನ್ನು ದಾರದಲ್ಲಿ ಕಟ್ಟಿ ಮೋಟರಿನ ಹಿಡಿಕೆಗೆ ತೂಗುಹಾಕಿದೆ, ಅವಸರದಲ್ಲಿ ಯಾರೂ ಮರೆಯಬಾರದೆಂದು.